ಬ್ಯಾಂಕು ಒಪ್ಪುವ ಮನೆ, ಸಂಸಾರ ಹೊರಬಲ್ಲ ಮನೆ

ಯಡಿಯೂರು ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ಕುಣಿಗಲ್ ತಾಲ್ಲೂಕಿನ ಸಿದ್ಧಲಿಂಗೇಶ್ವರ ಕ್ಷೇತ್ರ. ನಾವಿಲ್ಲಿ ಹೇಳುತ್ತಿರುವುದು ಬೆಂಗಳೂರಿನ ಜಯನಗರ, ಬನಶಂಕರಿಗಳ ಮಗ್ಗುಲಿನಲ್ಲಿ ಕೆರೆಯನ್ನು ಒಡಲಲ್ಲಿಟ್ಟುಕೊಂಡಿರುವ ಯಡಿಯೂರಿನ ಸಂಗತಿ. ಅಲ್ಲಿ ಬಾಡಿಗೆಗಿರುವ ದಂಪತಿ ಈಚೆಗೆ ಮಠದ ಕಚೇರಿಗೆ ಬಂದಿದ್ದರು. ಗೃಹಪ್ರವೇಶಕ್ಕೆ ಪೂಜ್ಯರನ್ನು ಆಹ್ವಾನಿಸಲು ಬಂದವರೆಂದು ಭಾವಿಸಿದೆವು. ಅವರ ಬೇಡಿಕೆ ಬೇರೆಯೇ ಆಗಿತ್ತು. "ಬ್ಯಾಂಕಿನವರು ಸಾಲಕ್ಕೆ ಒಪ್ಪಿದ್ದಾರೆ ಸರ್. ತಿಪಟೂರಿನ ಕಡೆ ಇರುವ ನಮ್ಮ ತಾಯಿಯ ತೋಟ ಮಾರಿದರೆ ಕೈಯಿಂದ ಕಟ್ಟಬೇಕಾದ ಹಣವೂ ಹೊಂದುತ್ತದೆ. ಅವರು ಒಪ್ಪುತ್ತಿಲ್ಲ. ಬುದ್ಧಿಯವರು ಒಂದು ಮಾತು ಹೇಳಿದರೆ ಕೇಳುತ್ತಾರೆ."

ಆ ಮಾತನ್ನು ಪೂಜ್ಯರಿಗೆ ತಲುಪಿಸುವ ಮೊದಲು ನಾವು ಕಾಗದ, ಲೇಖನಿ ಹಿಡಿದು ಅವರೊಡನೆ ಕುಳಿತೆವು. ಗುರುತು ಹೇಳಬಾರದೆಂಬ ನಿಬಂಧನೆಯೊಡನೆ ಆ ಲೆಕ್ಕವನ್ನು ಓದುಗರ ಮುಂದಿಡಲು ಅವರು ಸಮ್ಮತಿಸಿದ್ದಾರೆ.

ಅವರ ಉತ್ಸಾಹಕ್ಕೆ ಕಾರಣವಿಲ್ಲದಿಲ್ಲ. ರಿಸರ್ವ್ ಬ್ಯಾಂಕು 2025ರ ಫೆಬ್ರವರಿ, ಏಪ್ರಿಲ್, ಜೂನ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ನಾಲ್ಕು ಬಾರಿ ರೆಪೊ ದರವನ್ನು ಇಳಿಸಿತು. ಶೇ. 6.50ರಷ್ಟಿದ್ದ ದರ ಶೇ. 5.25ಕ್ಕೆ ಬಂದಿತು. ಬ್ಯಾಂಕುಗಳು 2019ರ ಅಕ್ಟೋಬರ್‌ನಿಂದೀಚೆಗೆ ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು ಇಂತಹ ಹೊರಗಿನ ಮಾನದಂಡಕ್ಕೆ ಜೋಡಿಸಿರುವುದರಿಂದ ಇಳಿಕೆಯ ಫಲ ಸಾಲಗಾರನಿಗೆ ಬೇಗನೆ ದೊರೆಯುತ್ತದೆ. ಆದರೆ ಏರಿಕೆಯ ಭಾರವೂ ಅದೇ ದಾರಿಯಲ್ಲಿ ಬರುತ್ತದೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ. 4ರಿಂದ 6.50ಕ್ಕೆ ಏರಿದ್ದನ್ನು ಮರೆಯಲಾಗದು. ಇಪ್ಪತ್ತು ವರ್ಷದ ಸಾಲ ಮಾಡುವವನು ಇಂತಹ ಏರಿಳಿತಗಳನ್ನು ಒಂದಕ್ಕಿಂತ ಹೆಚ್ಚು ಬಾರಿ ಕಾಣುವುದು ಸಹಜ.

ಇನ್ನು ಅವರ ಲೆಕ್ಕ. ಇಬ್ಬರೂ ಖಾಸಗಿ ನೌಕರರು. ಪತಿಗೆ ಕೈಗೆ ಬರುವ ಸಂಬಳ ಒಂದು ಲಕ್ಷ, ಪತ್ನಿಗೆ 60 ಸಾವಿರ. ಬಾಡಿಗೆ 32 ಸಾವಿರ. ತಿಂಗಳಿಗೆ ಉಳಿತಾಯ 30 ಸಾವಿರ. ಮಿಕ್ಕ 98 ಸಾವಿರ ಇಬ್ಬರು ಮಕ್ಕಳ ಶಾಲೆ, ದಿನಸಿ, ಔಷಧ, ಓಡಾಟಗಳಿಗೆ ಸಲ್ಲುತ್ತದೆ. ಇದುವರೆಗೆ ಕೂಡಿಟ್ಟದ್ದು 20 ಲಕ್ಷ. ಮನಸ್ಸಿಗೆ ಬಂದ ಮನೆಯ ಬೆಲೆ ಒಂದು ಕೋಟಿ.

ಕೋಟಿಯ ಮನೆಗೆ ಬ್ಯಾಂಕು ಕೋಟಿ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಮನೆಯ ಬೆಲೆಯ ಶೇ. 90, 30ರಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲಾದರೆ ಶೇ. 75 ಮಾತ್ರ ದೊರೆಯುತ್ತದೆ. ಆದ್ದರಿಂದ ಸಾಲ 75 ಲಕ್ಷ, ಕೈಯಿಂದ 25 ಲಕ್ಷ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ನಗರದಲ್ಲಿ ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕವನ್ನು ಸರ್ಕಾರ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿಸಿದೆ. ಒಟ್ಟು 7 ಲಕ್ಷ 60 ಸಾವಿರ. ಇಷ್ಟು ಬೆಲೆಯ ಮನೆಗೆ ಈ ಶುಲ್ಕಗಳನ್ನು ಸಾಲದ ಲೆಕ್ಕದಲ್ಲಿ ಸೇರಿಸುವಂತಿಲ್ಲ. ಮರಗೆಲಸ, ಗೃಹಪ್ರವೇಶಗಳನ್ನೂ ಸೇರಿಸಿದರೆ ಕೈಯಿಂದ ಹೋಗುವುದು 35 ಲಕ್ಷ ದಾಟುತ್ತದೆ. ಕೊರತೆಯಾದ 15 ಲಕ್ಷವೇ ತಾಯಿಯ ತೋಟ.

ಶೇ. 8ರ ಬಡ್ಡಿಯಲ್ಲಿ 75 ಲಕ್ಷಕ್ಕೆ ಇಪ್ಪತ್ತು ವರ್ಷದ ಮಾಸಿಕ ಕಂತು ಸುಮಾರು 62,700 ರೂಪಾಯಿ. ಆದಾಯದ ಅರ್ಧಕ್ಕಿಂತ ಕಡಿಮೆಯಾದ್ದರಿಂದ ಬ್ಯಾಂಕಿಗೆ ಆಕ್ಷೇಪವಿಲ್ಲ. ಆದರೆ ಈ ಸಂಸಾರದ ಬಾಡಿಗೆ, ಉಳಿತಾಯ ಎರಡೂ ಸೇರಿ 62 ಸಾವಿರ. ಅಪಾರ್ಟ್‌ಮೆಂಟಿನ ನಿರ್ವಹಣೆಗೆ 5 ಸಾವಿರ ಕೊಟ್ಟೊಡನೆ ಮೊದಲ ತಿಂಗಳೇ ಸುಮಾರು 6 ಸಾವಿರದ ಕೊರತೆ. 2022ರಲ್ಲಿ ಆದಂತೆ ಬಡ್ಡಿ ಎರಡೂವರೆ ಅಂಶ ಏರಿದರೆ ಕಂತು 74,900ಕ್ಕೆ ಹೋಗುತ್ತದೆ. "ಕಂತನ್ನು ಏರಿಸದೆ ಅವಧಿಯನ್ನೇ ಹಿಗ್ಗಿಸಿಕೊಳ್ಳಬಹುದಲ್ಲವೇ?" ಎಂದು ಪತಿ ಕೇಳಿದರು. ಶೇ. 10.5ರಲ್ಲಿ 75 ಲಕ್ಷಕ್ಕೆ ತಿಂಗಳ ಬಡ್ಡಿಯೇ 65,600. ಹಳೆಯ ಕಂತು ಬಡ್ಡಿಗೇ ಸಾಲದು. ಅಸಲು ಬೆಳೆಯುವಂತೆ ಅವಧಿ ಹಿಗ್ಗಿಸಬಾರದೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಿರುವುದು ಇದೇ ಕಾರಣಕ್ಕೆ.

ಮೊದಲೇ ಮೂವತ್ತು ವರ್ಷದ ಸಾಲ ಮಾಡಿದರೆ ಕಂತು 55 ಸಾವಿರಕ್ಕೆ ಇಳಿಯುವುದು ನಿಜ. ತಿಂಗಳಿಗೆ ಉಳಿಯುವುದು 7,700. ಒಟ್ಟಾರೆ ಹೆಚ್ಚು ತೆರುವುದು 47 ಲಕ್ಷಕ್ಕೂ ಅಧಿಕ. ಈಗ ಮೂವತ್ತಾರರ ಪತಿಗೆ ಸಾಲ ತೀರುವಾಗ ಅರವತ್ತಾರು ತುಂಬಿರುತ್ತದೆ. ತೆರಿಗೆ ಉಳಿಯುತ್ತದೆಂಬ ಸಮಾಧಾನವೂ ಎಲ್ಲರಿಗಿಲ್ಲ; ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವಿನಾಯಿತಿಯಿಲ್ಲ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಕೇಳಿದವರು ಪತ್ನಿಯೇ: "ಇವರ ಕೆಲಸ ಹೋದರೆ?" ಅದು ಅತಿಶಯದ ಭಯವಲ್ಲ. 2025ರ ಜುಲೈನಲ್ಲಿ ಟಿಸಿಎಸ್ ಸಂಸ್ಥೆಯಂತಹ ಸಂಸ್ಥೆಯೇ ತನ್ನ ನೌಕರರಲ್ಲಿ ಶೇ. 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಪತಿಯ ಸಂಬಳ ನಿಂತರೆ ಉಳಿಯುವ 60 ಸಾವಿರದಲ್ಲಿ ಕಂತೇ ತೀರದು. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ವಸೂಲಾಗದ ಸಾಲವೆಂದು ಪರಿಗಣಿತವಾಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನಗಳ ನೋಟಿಸು ನೀಡಿ, ನ್ಯಾಯಾಲಯದ ಮೆಟ್ಟಿಲೇರದೆಯೇ ಬ್ಯಾಂಕು ಮನೆಯ ಸ್ವಾಧೀನಕ್ಕೆ ಮುಂದಾಗಬಹುದು. ಆ ಹೊತ್ತಿಗೆ ಹಿಂದಿರುಗಲು ತೋಟವೂ ಇರುವುದಿಲ್ಲ.

ಹಾಗಾದರೆ ಎಷ್ಟು ಮನೆ ಹೊರಬಲ್ಲರು? ಲೆಕ್ಕವನ್ನು ಹಿಂದಿನಿಂದ ಮಾಡಿದೆವು. ಬಡ್ಡಿ ಎರಡೂವರೆ ಅಂಶ ಏರಿದರೂ ತಿಂಗಳ ಕೊನೆಗೆ ಕೊರತೆ ಬೀಳಬಾರದು. ತಾಯಿಯ ಆಧಾರಕ್ಕೆ ಕೈಹಾಕಬಾರದು. ಮನೆ ಕೊಂಡ ಮರುದಿನವೂ ಆರು ತಿಂಗಳ ಪೂರ್ತಿ ಖರ್ಚು ಬ್ಯಾಂಕಿನಲ್ಲಿರಬೇಕು. ಈ ಮೂರಕ್ಕೂ ಒದಗಿದ್ದು 65 ಲಕ್ಷದ ಮನೆ, 52 ಲಕ್ಷದ ಸಾಲ. ಕಂತು 43,500, ಬಡ್ಡಿ ಏರಿದರೆ ಸುಮಾರು 52 ಸಾವಿರ. ನಿರ್ವಹಣೆಗೆ 4 ಸಾವಿರ ತೆಗೆದರೂ 6 ಸಾವಿರ ಉಳಿಯುತ್ತದೆ. ಶುಲ್ಕಗಳೂ ಸೇರಿ ಕೈಯಿಂದ ಬೇಕಾದದ್ದು 18 ಲಕ್ಷ. ಇಂದೇ ಕೊಂಡರೆ ಉಳಿಯುವುದು ಎರಡೇ ಲಕ್ಷ. ಎರಡು ವರ್ಷ ತಾಳಿದರೆ ಕೂಡಿದ್ದು 27 ಲಕ್ಷವಾಗಿ, ಮನೆ ಕೊಂಡ ಮೇಲೂ 9 ಲಕ್ಷ ಉಳಿಯುತ್ತದೆ. ಅದು ಸುಮಾರು ಆರು ತಿಂಗಳ ಖರ್ಚು.

ಆ ಬೆಲೆಗೆ ಅವರಿಗೆ ಬೇಕಾದ ಮನೆ ಯಡಿಯೂರಿನಲ್ಲಿ ದೊರೆಯದಿರಬಹುದು. ಆದರೆ ಹತ್ತಿರದ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿ.ಮೀ. ಉದ್ದದ ಮೆಟ್ರೋ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಗಿದೆ. ದೂರವೆಂಬ ಮಾತು ಮೊದಲಿನಷ್ಟು ಕಠಿಣವಾಗಿ ಉಳಿದಿಲ್ಲ. ಎರಡು ವರ್ಷದಲ್ಲಿ ಬೆಲೆ ಏರಬಹುದೆಂಬ ಅವರ ಆತಂಕವನ್ನು ನಾವು ತಳ್ಳಿಹಾಕಲಿಲ್ಲ. ಏರಿದರೆ ಮನೆಯ ಅಳತೆ ಇನ್ನಷ್ಟು ಕಿರಿದಾದೀತು, ಅಥವಾ ಬಾಡಿಗೆಯೇ ಮುಂದುವರಿದೀತು. ಅದರಲ್ಲಿ ಅಗೌರವವೇನೂ ಇಲ್ಲ.

ಇಂತಹ ಆಲೋಚನೆಯಲ್ಲಿರುವ ಓದುಗರಿಗೆ ನಮ್ಮ ವಿನಂತಿ ಒಂದೇ. ಸಾಲಕ್ಕೆ ಸಹಿ ಹಾಕುವ ಮುನ್ನ, ಬರಲಿರುವ ಕಂತಿಗೂ ಈಗಿನ ಬಾಡಿಗೆಗೂ ಇರುವ ವ್ಯತ್ಯಾಸವನ್ನು ಆರು ತಿಂಗಳು ಬೇರೆ ಖಾತೆಗೆ ಹಾಕಿ ನೋಡಿ. ಮಕ್ಕಳ ಶುಲ್ಕ, ಹಿರಿಯರ ಔಷಧ, ಮನೆಗೆ ಬಂದವರ ಊಟ, ನೀವು ಮಾಡಿಕೊಂಡು ಬಂದ ದಾಸೋಹ ಇವುಗಳಲ್ಲಿ ಯಾವುದೂ ನಿಲ್ಲದೆ ಆ ಹಣ ಹೊರಟರೆ ಆ ಮನೆ ನಿಮಗೆ ಸಲ್ಲುತ್ತದೆ. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ವಿವೇಕ ಇಂದಿನ ಗೃಹಸಾಲಕ್ಕೂ ಅನ್ವಯಿಸುತ್ತದೆಂದು ನಾವು ನಂಬುತ್ತೇವೆ.

ಆ ದಂಪತಿ ಈಗ ಬೇರೆ ಖಾತೆ ತೆರೆದಿದ್ದಾರೆ. ತಾಯಿಗೆ ಹೇಳಿಸಬೇಕೆಂದಿದ್ದ ಮಾತನ್ನು ಪೂಜ್ಯರವರೆಗೆ ಒಯ್ಯುವ ಅಗತ್ಯ ಬೀಳಲಿಲ್ಲ.