ಕೈಯಲ್ಲಿನ ಕೆಲಸ ಕಸಿಯದಿರೋಣ

"ನಿಮಗ್ಯಾಕೆ ಈ ಉಸಾಬರಿ? ಸುಮ್ಮನೆ ಕೂತಿರಿ." ವಯಸ್ಸಾದವರಿರುವ ಮನೆಗಳಲ್ಲಿ ದಿನವೂ ಕೇಳುವ ಮಾತಿದು. ಆಡುವವರ ಮನಸ್ಸಿನಲ್ಲಿರುವುದು ಪ್ರೀತಿಯೇ. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಮುಂದಿನ ಮೊರ ಎತ್ತಿಡುತ್ತೇವೆ, ಹಾಲಿಗೆ ಹೊರಟ ತಾತನ ಕೈಯಿಂದ ಚೀಲ ಇಸಿದುಕೊಳ್ಳುತ್ತೇವೆ. ಬಿಟ್ಟ ಕೆಲಸ ಆ ವಯಸ್ಸಿನಲ್ಲಿ ಮತ್ತೆ ಕೈಗೆ ಹತ್ತುವುದು ಕಷ್ಟ.

2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರೇ 10 ದಿನ ಹಾಸಿಗೆ ಬಿಟ್ಟೇಳದೆ ಮಲಗಿದ್ದರು. ಅಷ್ಟಕ್ಕೇ ಅವರ ಕಾಲುಗಳ ಸ್ನಾಯು ಸುಮಾರು 1 ಕಿಲೋ ಕರಗಿತ್ತು. ಜ್ವರ ಬಂದು ವಾರಗಟ್ಟಲೆ ಮಲಗಿದ ಅಪ್ಪ ಆಮೇಲೆ ಗೋಡೆ ಹಿಡಿದು ನಡೆಯುವುದೇಕೆಂದು ಇದರಿಂದ ತಿಳಿಯುತ್ತದೆ. ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದು. ವೈದ್ಯರನ್ನು ಕೇಳಿ, ಮೆಲ್ಲಗೆ ನಡೆಸಬೇಕು.

ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಹಿರಿಯರ ಸ್ವಾವಲಂಬನೆಯನ್ನು ಆರು ಕೆಲಸಗಳಿಂದ ಅಳೆದರು: ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹತೋಟಿ, ಊಟ. ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಸ್ನಾನ. ಕೊನೆಯವರೆಗೂ ಉಳಿಯುವುದು ತಾನೇ ತುತ್ತೆತ್ತಿ ಉಣ್ಣುವ ಶಕ್ತಿ. ಹಾಗಿದ್ದರೆ ಮನೆಯಲ್ಲಿ ಮೊದಲು ಸರಿಹೋಗಬೇಕಾದದ್ದು ಬಚ್ಚಲು. ನಮ್ಮಲ್ಲಿ ಅಲ್ಲಿರುವುದು ನುಣ್ಣನೆಯ ಟೈಲ್ಸ್, ಮಬ್ಬು ಬೆಳಕು. ಅಮ್ಮ ಬಕೆಟ್ಟಿನ ಅಂಚಿಗೆ ಕೈಯೂರಿ ಏಳುತ್ತಾಳೆ, ಬಕೆಟ್ಟು ಜಾರುತ್ತದೆ. ಬೀಳುವ ಭಯಕ್ಕೆ ಎರಡು ದಿನಕ್ಕೊಮ್ಮೆ ಸ್ನಾನ ಸಾಕೆನ್ನುತ್ತಾಳೆ. ಮನೆಯವರು ಅದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ.

ಗೋಡೆಗೊಂದು ಗಟ್ಟಿ ಹಿಡಿಕೆ, ಕೂತು ಮೀಯಲು ಜಾರದ ಸ್ಟೂಲು, ರಾತ್ರಿ ಉರಿಯುವ ಸಣ್ಣ ದೀಪ. ಮನೆಗೆ ಬಣ್ಣ ಹೊಡೆಸುವ ಖರ್ಚಿನ ಒಂದು ಪಾಲೂ ಇದಕ್ಕೆ ಬೇಡ. ಬಡ ಹಿರಿಯರಿಗೆ ಊರುಗೋಲು, ವಾಕರ್, ಶ್ರವಣಯಂತ್ರಗಳನ್ನು ಉಚಿತವಾಗಿ ಕೊಡಲೆಂದೇ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ.

ಸೀರೆಯ ನೆರಿಗೆ ಹಿಡಿಯಲು ಅಜ್ಜಿಗೆ ಕಾಲು ಗಂಟೆ ಬೇಕಾದರೆ ಆಗಲಿ, ನಾವು ಹೊರಡುವುದು ತಡವಾಗಲಿ. ಬಾಗಲಾಗದೆ ನಿಂತಾಗ ಕೆಳಗಿನ ಅಂಚನ್ನಷ್ಟೇ ಸರಿಪಡಿಸೋಣ, ಉಳಿದದ್ದನ್ನು ಅವರೇ ಉಟ್ಟುಕೊಳ್ಳಲಿ. ಅವರಿಂದ ಆಗದ್ದಕ್ಕೆ ಕೈಜೋಡಿಸೋಣ, ಆಗುವುದನ್ನು ಅವರಿಗೇ ಬಿಡೋಣ.