ಬಿಲ್ಲೆ ಟ್ರಂಕಿಗಿರಲಿ, ಕೊರಳಿಗೆ ಬೇಡ



ಪೇಟೆಯಲ್ಲಿ ಈಗ ಒಂದು ಪುಟ್ಟ ಸಾಮಾನು ಸಿಗುತ್ತದೆ. ಅಗಲ ಹಳೆಯ ಬೆಳ್ಳಿ ರೂಪಾಯಿಯಷ್ಟು, ತೂಕವೂ ಹೆಚ್ಚುಕಡಿಮೆ ಅಷ್ಟೇ, ಹನ್ನೊಂದು ಗ್ರಾಂ. ದಪ್ಪ ಮಾತ್ರ ಸ್ವಲ್ಪ ಹೆಚ್ಚು. ಇಂಗ್ಲಿಷಿನವರು ಇದಕ್ಕೆ ಟ್ಯಾಗ್ ಎನ್ನುತ್ತಾರೆ. ನಾವು ಬಿಲ್ಲೆ ಎನ್ನೋಣ. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಈ ಬಿಲ್ಲೆ ಕೆಲಸ ಮಾಡುವ ರೀತಿಯನ್ನು ಮೊದಲು ತಿಳಿದುಕೊಳ್ಳಬೇಕು. ತಿಳಿಯದೆ ಹೊಗಳುವುದೂ ತಪ್ಪು, ತಿಳಿಯದೆ ಬೈಯುವುದೂ ತಪ್ಪು. ಇದರೊಳಗೆ ದೂರ ನೋಡುವ ಕಣ್ಣೇನೂ ಇಲ್ಲ. ಒಂದು ಗುಂಡಿ ಬ್ಯಾಟರಿ ಇದೆ, ಅದು ಸುಮಾರು ಒಂದು ವರ್ಷ ಬಾಳುತ್ತದೆ. ಬಿಲ್ಲೆ ಬ್ಲೂಟೂತ್ ಎಂಬ ಸಣ್ಣ ರೇಡಿಯೋ ದನಿಯಲ್ಲಿ "ನಾನು ಇಲ್ಲಿದ್ದೇನೆ" ಎಂದು ಹೇಳುತ್ತಲೇ ಇರುತ್ತದೆ. ಹತ್ತಿರ ಹಾದುಹೋಗುವ ಯಾರದೋ ಫೋನು ಆ ದನಿಯನ್ನು ಕೇಳಿ, ತಾನಿರುವ ಜಾಗವನ್ನು ಗುಟ್ಟಾಗಿ ಕಂಪನಿಯ ಜಾಲಕ್ಕೆ ಕಳಿಸುತ್ತದೆ. ಬಿಲ್ಲೆಯ ಒಡೆಯ ತನ್ನ ಫೋನಿನ ನಕ್ಷೆಯಲ್ಲಿ ಆ ಜಾಗವನ್ನು ನೋಡುತ್ತಾನೆ. ಫೋನಿನವನಿಗೆ ತಾನು ಸುದ್ದಿ ಒಯ್ದದ್ದೇ ತಿಳಿಯದು. ಆದ್ದರಿಂದ ಜನ ಕಿಕ್ಕಿರಿದ ಮುಂಬಯಿಯಂಥ ಊರಿನಲ್ಲಿ ಇದು ಬಹಳ ಚುರುಕು, ಕಾಡಿನ ನಡುವೆ ಮೂಕ.

ಆಪಲ್ ಕಂಪನಿಯ ಏರ್‌ಟ್ಯಾಗ್ 2021ರ ಏಪ್ರಿಲಿನಲ್ಲಿ ಬಂದಾಗ ನಮ್ಮ ದೇಶದಲ್ಲಿ ಒಂದಕ್ಕೆ 3,190 ರೂಪಾಯಿ ಇತ್ತು. 2024ರಲ್ಲಿ ಜಿಯೋ ಕಂಪನಿ ಅದೇ ಆಪಲ್ ಜಾಲದಲ್ಲಿ ನಡೆಯುವ ಬಿಲ್ಲೆಯನ್ನು 1,499 ರೂಪಾಯಿಗೆ ತಂದಿತು. ಹೀಗೆ ಶ್ರೀಮಂತರ ಆಟಿಕೆ ನಮ್ಮ ಗಲ್ಲಿಗೆ ಇಳಿದು ಬಂದಿದೆ.

ಇದರಿಂದ ಉಪಯೋಗವಿಲ್ಲವೆಂದು ನಾನು ಹೇಳುವುದಿಲ್ಲ. ದೀಪಾವಳಿಗೆ ಊರಿಗೆ ಹೊರಟವನು ಟ್ರಂಕನ್ನು ರೈಲಿನ ಸೀಟಿನ ಕೆಳಗಿಟ್ಟು ರಾತ್ರಿಯಿಡೀ ಕಾಲಿನಿಂದ ತಡವಿ ನೋಡುವ ಕಷ್ಟ ನಮಗೆಲ್ಲ ಗೊತ್ತು. ಆ ಟ್ರಂಕಿನೊಳಗೆ ಒಂದು ಬಿಲ್ಲೆ ಇದ್ದರೆ ಕಣ್ಣಿಗೆ ಎರಡು ಗಂಟೆ ನಿದ್ದೆ ಬಂದೀತು. ಹತ್ತು ಜನ ಮಲಗುವ ಖೋಲಿಯಲ್ಲಿ ಕೀಲಿಕೈ ಕಳೆದವನು ಬಿಲ್ಲೆಯನ್ನು ಕೂಗಿಸಿ ಹುಡುಕಬಹುದು. ಸಾಲ ಮಾಡಿ ಕೊಂಡ ಸೈಕಲಿಗೂ ಇದು ಒಳ್ಳೆಯ ಕಾವಲು. ನಮ್ಮ ವಸ್ತು, ನಮ್ಮ ಬಿಲ್ಲೆ, ನಮ್ಮ ಫೋನು. ಅಲ್ಲಿ ಯಾರ ತಕರಾರೂ ಇಲ್ಲ.

ತಕರಾರು ಇರುವುದು ಬಿಲ್ಲೆ ಒಬ್ಬನದು, ಬೆನ್ನು ಇನ್ನೊಬ್ಬನದು ಆದಾಗ.

ಈಚೆಗೆ ಇಂಥ ಒಂದು ದೂರು ನನ್ನ ಮುಂದೆ ಬಂತು. ಹೋಟೆಲಿನ ಹೆಸರು ಇಲ್ಲಿ ಬೇಡ. ಪಾರ್ಸೆಲ್ ಒಯ್ಯುವ ಹುಡುಗನೊಬ್ಬನಿಗೆ ಧಣಿಗಳು ಸೈಕಲ್ ಕೊಟ್ಟಿದ್ದರು, ರಜೆಯ ದಿನವೂ ಬಳಸಿಕೋ ಎಂದಿದ್ದರು. ಹುಡುಗ ಅದನ್ನು ಔದಾರ್ಯವೆಂದೇ ತಿಳಿದಿದ್ದ. ಸೀಟಿನ ಕೆಳಗೆ ಬಿಲ್ಲೆ ಇದ್ದದ್ದು ಅವನಿಗೆ ಗೊತ್ತಿರಲಿಲ್ಲ. ರಜೆಯ ಸಂಜೆ ಅವನು ಸಂಘದ ಸಭೆಗೆ ಬಂದು ಕುಳಿತು ಹೋದ. ಮರುದಿನ ಗಲ್ಲಾದ ಎದುರು ಅವನನ್ನು ನಿಲ್ಲಿಸಿ ಕೇಳಿದ ಪ್ರಶ್ನೆ ಒಂದೇ: "ನಿನ್ನೆ ಸಂಜೆ ಎರಡು ಗಂಟೆ ಹೊತ್ತು ಅಲ್ಲಿ ನಿನಗೇನು ಕೆಲಸ?" ಹುಡುಗ ಮುಂದಿನ ಸಭೆಗೆ ಬರಲಿಲ್ಲ. ಅವನ ಜೊತೆಯ ಮೂವರೂ ಬರಲಿಲ್ಲ.

ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ, ಯಾರ ಮೇಲೂ ಕೈ ಮಾಡಲಿಲ್ಲ. ಆದರೂ ನಾಲ್ಕು ಜನರ ಬಾಯಿ ಮುಚ್ಚಿತು. ಸೈಕಲ್ ಕಾಯಲು ಇಟ್ಟ ಬಿಲ್ಲೆ ಸಂಘವನ್ನು ಕಾಯತೊಡಗಿದರೆ ನಾವು ಸುಮ್ಮನಿರಬೇಕೇ?

ಹಿಂದೆ ಗಿರಣಿಯ ಗೇಟಿನಲ್ಲಿ ಝಡತಿ ಇತ್ತು. ಪಾಳಿ ಮುಗಿಸಿ ಹೊರಬರುವವನ ಮೈ ತಡವಿ ನೋಡುತ್ತಿದ್ದರು. ಅದು ಅವಮಾನವೇ. ಆದರೆ ಆ ಝಡತಿ ಗೇಟಿನಲ್ಲಿ ಆರಂಭವಾಗಿ ಗೇಟಿನಲ್ಲೇ ಮುಗಿಯುತ್ತಿತ್ತು. ಈ ಹೊಸ ಝಡತಿ ನಮ್ಮ ಜೊತೆ ಲೋಕಲ್ ಗಾಡಿ ಹತ್ತುತ್ತದೆ, ಖೋಲಿಗೆ ಬರುತ್ತದೆ, ಡಾಕ್ಟರರ ಬಾಗಿಲಿಗೆ, ಗುಡಿಗೆ, ಸಾಲ ಕೊಡುವವನ ಮನೆಗೆ ಎಲ್ಲ ಕಡೆಗೂ ಬರುತ್ತದೆ.

"ತಪ್ಪು ಮಾಡದವನಿಗೆ ಹೆದರಿಕೆ ಏಕೆ?" ಎಂದು ಕೆಲವರು ಕೇಳುತ್ತಾರೆ. ಅವರಿಗೆ ನನ್ನ ಮರುಪ್ರಶ್ನೆ: ಹಾಗಾದರೆ ಧಣಿಗಳ ಕಾರಿನಲ್ಲಿ ನಾವೂ ಒಂದು ಬಿಲ್ಲೆ ಇಟ್ಟು, ಸಂಬಳದ ದಿನ ಅವರು ಎಲ್ಲಿ ತಲೆಮರೆಸಿಕೊಂಡಿದ್ದಾರೆಂದು ನೋಡಬಹುದೇ? ಒಪ್ಪುವರೇ? ಒಪ್ಪುವುದಿಲ್ಲ. ಅವರ ಓಡಾಟ ಅವರ ಸ್ವಂತ ವಿಷಯ. ನಮ್ಮದೂ ಹಾಗೆಯೇ.

"ಈಗ ಬಿಲ್ಲೆ ತಾನೇ ಕೂಗುತ್ತದೆ, ಫೋನಿಗೂ ಎಚ್ಚರಿಕೆ ಬರುತ್ತದೆ" ಎಂಬ ಸಮಾಧಾನ ಇನ್ನೊಂದು. ಅದನ್ನೂ ಒರೆಗೆ ಹಚ್ಚೋಣ. ಏರ್‌ಟ್ಯಾಗ್ ಬಂದ ಹೊಸದರಲ್ಲಿ ಒಡೆಯನಿಂದ ದೂರವಾದ ಮೂರು ದಿನದ ಮೇಲೆ ಕೂಗುತ್ತಿತ್ತು. ಟೀಕೆ ಬಂದ ಮೇಲೆ 2021ರ ಜೂನಿನಲ್ಲಿ ಅದನ್ನು 8ರಿಂದ 24 ಗಂಟೆಗೆ ಇಳಿಸಿದರು. ಆಂಡ್ರಾಯ್ಡ್ ಫೋನಿಗೆ ತಾನಾಗಿ ಎಚ್ಚರಿಕೆ ಬರಲು 2023ರ ಜುಲೈ ತನಕ ಕಾಯಬೇಕಾಯಿತು. ಆಪಲ್, ಗೂಗಲ್ ಎರಡೂ ಸೇರಿ ಒಂದೇ ನಿಯಮ ತಂದದ್ದು 2024ರ ಮೇ ತಿಂಗಳಲ್ಲಿ. ಮೂರು ವರ್ಷ ಹಿಡಿಯಿತು! ಅಷ್ಟಾದರೂ ಆದದ್ದು ಜನ ಗದ್ದಲ ಎಬ್ಬಿಸಿದ್ದರಿಂದ, ಅಮೆರಿಕದಲ್ಲಿ ನೊಂದ ಹೆಂಗಸರು 2022ರ ಡಿಸೆಂಬರಿನಲ್ಲಿ ಕೋರ್ಟಿನ ಮೆಟ್ಟಿಲೇರಿದ್ದರಿಂದ.

ಇಷ್ಟಾದರೂ ತೂತು ಉಳಿದಿದೆ. ಗುಂಡಿ ಒತ್ತುವ ಹಳೆಯ ಫೋನಿನವನಿಗೆ ಯಾವ ಎಚ್ಚರಿಕೆಯೂ ಬಾರದು. ಕೂಗುವ ಭಾಗವನ್ನೇ ಕಿತ್ತು ಮಾರುವವರೂ ಇದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಒಡೆಯನ ಫೋನಿನಿಂದ ಬಹಳ ಹೊತ್ತು ದೂರವಾದರೆ ಮಾತ್ರ ಬಿಲ್ಲೆ ಕೂಗುತ್ತದೆ. ದಿನವೂ ಧಣಿಗಳ ಗಲ್ಲಾದ ಪಕ್ಕಕ್ಕೇ ಹಿಂತಿರುಗುವ ನಮ್ಮ ಸೈಕಲಿನ ಬಿಲ್ಲೆ ಕೂಗುವುದು ಯಾವಾಗ?

ಕಾನೂನು ಏನೆನ್ನುತ್ತದೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ನಮ್ಮ ನಾಡಿನ ಒಬ್ಬ ವೃದ್ಧರು ದೇಶಕ್ಕೆಲ್ಲ ಗಳಿಸಿಕೊಟ್ಟ ಹಕ್ಕು ಅದು. ಆದರೆ 2023ರಲ್ಲಿ ಪಾರ್ಲಿಮೆಂಟು ಮಾಡಿದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆಯ 7ನೇ ಕಲಮಿನಲ್ಲಿ ಒಂದು ಹಿಂಬಾಗಿಲಿದೆ. ನೌಕರಿಯ ಉದ್ದೇಶಕ್ಕೆ, ಅಥವಾ ಮಾಲಿಕನನ್ನು ನಷ್ಟದಿಂದ ಕಾಪಾಡುವುದಕ್ಕೆ, ನೌಕರನ ಮಾಹಿತಿಯನ್ನು ಒಪ್ಪಿಗೆ ಕೇಳದೆಯೇ ಬಳಸಲು ಅದು ಎಡೆ ಕೊಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಹೆಂಗಸಿನ ಬೆನ್ನು ಹತ್ತುವ ಗಂಡಸಿಗೆ ಶಿಕ್ಷೆ ಹೇಳುತ್ತದೆ, ಗಂಡಾಳಿನ ಬೆನ್ನು ಹತ್ತುವ ಮಾಲಿಕನ ಮಾತು ಅಲ್ಲಿಲ್ಲ. ಏಳನೇ ಇಯತ್ತೆ ಓದಿದ ನನಗೆ ಇದರಿಂದ ತಿಳಿಯುವುದು ಇಷ್ಟೇ: ಹಕ್ಕು ಕಾಗದದ ಮೇಲಿದೆ, ಅದನ್ನು ಹೋಟೆಲಿನೊಳಕ್ಕೆ ತರುವ ಕೆಲಸ ಸಂಘದ್ದು.

ಧಣಿಗಳಿಗೆ ಹೇಳಿದ್ದನ್ನು ನಮಗೂ ಹೇಳಿಕೊಳ್ಳಬೇಕು. ಹೆಂಡತಿಯ ಚೀಲದಲ್ಲಿ ಅವಳಿಗೆ ತಿಳಿಯದಂತೆ ಬಿಲ್ಲೆ ಇಡುವವನು, ದುಡಿಯಲು ಹೋಗುವ ತಂಗಿಯ ಬೆನ್ನಿಗೆ ಬಿಲ್ಲೆ ಹಚ್ಚುವವನು, ಹಗಲು ಹೋಟೆಲಿನಲ್ಲಿ ಆಳು, ರಾತ್ರಿ ಮನೆಯಲ್ಲಿ ಧಣಿ. ಅಂಥವನಿಗೆ ಸಂಘದ ವೇದಿಕೆಯಲ್ಲಿ ಹಕ್ಕಿನ ಮಾತಾಡುವ ಮುಖವಿಲ್ಲ.

ಈಗ ಮಾಡಬೇಕಾದದ್ದು. ಆಂಡ್ರಾಯ್ಡ್ ಫೋನಿದ್ದವರು ಸೆಟ್ಟಿಂಗ್ಸ್‌ನಲ್ಲಿ 'ಅನ್‌ನೋನ್ ಟ್ರ್ಯಾಕರ್ ಅಲರ್ಟ್' ಎಂಬುದನ್ನು ಹುಡುಕಿ ತೆರೆದಿಡಿ, ಬ್ಲೂಟೂತ್ ಆರಿಸಬೇಡಿ. ಬಾರದವರಿಗೆ ಬಲ್ಲವರು ಕಲಿಸಿಕೊಡಿ. ಸೈಕಲ್ ಸೀಟು, ಚೀಲದ ಅಸ್ತರು, ಸ್ಕೂಟರಿನ ಡಿಕ್ಕಿ, ಇವನ್ನು ಕೈಯಾರೆ ತಡವಿ ನೋಡಿ. ಏರ್‌ಟ್ಯಾಗ್ ಸಿಕ್ಕರೆ ಸಿಟ್ಟಿನಲ್ಲಿ ಎಸೆಯಬೇಡಿ, ಅದೇ ಸಾಕ್ಷಿ. ಇಬ್ಬರ ಎದುರು ಫೋಟೋ ತೆಗೆಯಿರಿ. ಎನ್‌ಎಫ್‌ಸಿ ಇರುವ ಫೋನನ್ನು ಅದರ ಬಿಳಿ ಬದಿಗೆ ತಾಗಿಸಿದರೆ ನಂಬರು ಕಾಣುತ್ತದೆ, ಅದನ್ನು ಬರೆದಿಡಿ. ಆಮೇಲೆ ಉಕ್ಕಿನ ಮುಚ್ಚಳವನ್ನು ಒತ್ತಿ ಎಡಕ್ಕೆ ತಿರುಗಿಸಿ ಬ್ಯಾಟರಿ ತೆಗೆಯಿರಿ. ಜೀವಭಯವಿರುವ ಹೆಂಗಸರು ಬ್ಯಾಟರಿ ತೆಗೆಯುವ ಮೊದಲೇ ಪೊಲೀಸ್ ಠಾಣೆಗೆ ಹೋಗುವುದು ಲೇಸು. ಬಿಲ್ಲೆ ಮೂಕವಾಯಿತೆಂದು ಇಟ್ಟವನಿಗೆ ತಿಳಿದುಬಿಡುತ್ತದೆ.

ಮಾಲಿಕರ ಮುಂದೆ ನಾವು ಇಡಬೇಕಾದ ಬೇಡಿಕೆ ಮೂರು:

1. ಯಾವ ಸಾಮಾನಿಗೆ ಬಿಲ್ಲೆ ಇದೆಯೆಂದು ಕೊಡುವಾಗಲೇ ಕೆಲಸಗಾರನಿಗೆ ಅವನ ಭಾಷೆಯಲ್ಲಿ ಬರೆದು ತಿಳಿಸಬೇಕು.

2. ಪಾಳಿ ಮುಗಿದ ಮೇಲೆ ಬಿಲ್ಲೆ ಹೋಟೆಲಿನಲ್ಲೇ ಉಳಿಯಬೇಕು. ಖೋಲಿಗೆ ಒಯ್ಯುವ ಸೈಕಲಿನಲ್ಲಿ ಅದು ಇರಕೂಡದು.

3. ಬಿಲ್ಲೆ ತೋರಿಸಿದ ಜಾಗದ ಆಧಾರದಿಂದ ಯಾರ ಸಂಬಳವನ್ನೂ ಕಡಿಯಬಾರದು, ಯಾರ ಕೆಲಸವನ್ನೂ ತೆಗೆಯಬಾರದು.

ಸಾಮಾನು ಧಣಿಗಳದು, ಅದನ್ನು ಕಾಯುವ ಹಕ್ಕು ಅವರಿಗಿದೆ. ಎಂಟು ಗಂಟೆಯ ದುಡಿಮೆಗೆ ಅವರು ಸಂಬಳ ಕೊಡುತ್ತಾರೆ, ಆ ಎಂಟು ಗಂಟೆಯ ಲೆಕ್ಕ ಕೇಳಲಿ. ಉಳಿದ ಹದಿನಾರು ಗಂಟೆಯನ್ನು ನಾವು ಯಾರಿಗೂ ಮಾರಿಲ್ಲ. ಮುಂದಿನ ಸಭೆಗೆ ಎಲ್ಲರೂ ಬನ್ನಿ. ಬರುವ ಮೊದಲು ಸೀಟಿನ ಕೆಳಗೆ ಒಮ್ಮೆ ಕೈಯಾಡಿಸಿ ನೋಡಿ, ಏನಾದರೂ ಸಿಕ್ಕರೆ ಅದನ್ನೂ ಜೊತೆಗೆ ತನ್ನಿ.