ಜಿಲ್ಲೆಗೊಂದು ವೆಬ್ ಬಳಗ ಬೇಕು

ದಾವಣಗೆರೆಯ ಹುಡುಗನೊಬ್ಬ ಸಹಕಾರ ಸಂಘವೊಂದಕ್ಕೆ ವೆಬ್‌ಸೈಟ್ ಮಾಡುತ್ತಿದ್ದ. ಸದಸ್ಯರ ಹೆಸರನ್ನು ಕನ್ನಡದಲ್ಲಿ ತುಂಬಿದರೆ ಡೇಟಾಬೇಸಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ವಾರವಿಡೀ ಒದ್ದಾಡಿ ನನಗೆ ಫೋನ್ ಮಾಡಿದ. ಅವನು ಡೇಟಾಬೇಸಿಗೆ ಬಳಸಿದ್ದ ಹಳೆಯ ಮೈಎಸ್‌ಕ್ಯೂಎಲ್‌ನ ಮೂಲ ಅಕ್ಷರ ವ್ಯವಸ್ಥೆ ಲ್ಯಾಟಿನ್‌. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ; ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಟೇಬಲ್ಲನ್ನು ಯುಟಿಎಫ್8ಎಂಬಿ4ಕ್ಕೆ ಬದಲಿಸು, ಸಂಪರ್ಕದಲ್ಲೂ ಅದನ್ನೇ ಹೇಳು ಎಂದೆ. ಕೆಲಸವಾಯಿತು. ಆದರೆ ಆಗಲೇ ಪ್ರಶ್ನಾರ್ಥಕವಾಗಿದ್ದ ಹೆಸರುಗಳು ಮರಳಿ ಬರಲಿಲ್ಲ, ಮತ್ತೆ ಟೈಪ್ ಮಾಡಬೇಕಾಯಿತು.

ಪಕ್ಕದಲ್ಲಿ ಕೇಳಲು ಬಲ್ಲವರಿದ್ದರೆ ಇದು ಐದು ನಿಮಿಷದ ಮಾತು. ಬೆಂಗಳೂರಿನಲ್ಲಿ ಅಂಥವರಿದ್ದಾರೆ. 2001ರಲ್ಲಿ ಲಿನಕ್ಸ್ ಬೆಂಗಳೂರು ಸಮಾವೇಶ ಶುರುವಾಯಿತು. ಪೈಥಾನ್ ಕಲಿಯುವವರಿಗೆ ಬ್ಯಾಂಗ್‌ಪೈಪರ್ಸ್ ಬಳಗವಿದೆ. ದೇಶದ ಮೊದಲ ಪೈಥಾನ್ ಸಮಾವೇಶ ಪೈಕಾನ್ ಕೂಡ 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ನಡೆಯಿತು. ದುಡ್ಡು ಕೇಳದೆ ಕಲಿಸಿದ ಇಂಥ ಗುಂಪುಗಳ ಋಣ ನನ್ನ ಮೇಲೂ ಇದೆ.

ಯೂಟ್ಯೂಬ್, ಎಐ ಇರುವಾಗ ಬಳಗವೇಕೆ ಎನ್ನುತ್ತಾರೆ. ಅವು ಉತ್ತರ ಕೊಡುತ್ತವೆ, ನಿಜ. ನಿಮ್ಮ ಕೋಡನ್ನು ಪಕ್ಕದಲ್ಲಿ ಕೂತು ಓದಿ, ಈ ಪಾಸ್‌ವರ್ಡನ್ನು ಹೀಗೆ ಬಯಲಲ್ಲಿ ಇಡಬೇಡ ಮಾರಾಯ ಎಂದು ಕೇಳದೆಯೇ ಎಚ್ಚರಿಸುವುದು ಗೆಳೆಯರು ಮಾತ್ರ, ಅದೂ ಕನ್ನಡದಲ್ಲಿ.

ಇಂಥ ಬಳಗ ಪ್ರತಿ ಜಿಲ್ಲೆಯಲ್ಲೂ ಸೇರಲು ಜಿಲ್ಲಾ ಕೇಂದ್ರ ಗ್ರಂಥಾಲಯಗಳು ತಿಂಗಳಿಗೊಂದು ಭಾನುವಾರ ಒಂದು ಕೋಣೆ, ವೈಫೈ, ಪ್ರೊಜೆಕ್ಟರ್ ಕೊಡಲಿ. ಕಲಿಸಲು ಬೆಂಗಳೂರಿನಿಂದ ರೈಲು ಹತ್ತಿ ಬರಲು ನಾನು ಸಿದ್ಧ, ನನ್ನಂಥವರು ಇನ್ನೂ ಇದ್ದಾರೆ.